ಎರಡು ಮಾನಗಳು, ಒಂದೇ ಸೊನ್ನೆ

ನಮ್ಮ ಮನೆಗಳಲ್ಲಿ ಉಷ್ಣತೆಗೆ ಎರಡು ಭಾಷೆಗಳಿವೆ. ಮಗುವಿಗೆ ಜ್ವರ ಬಂದರೆ ‘ನೂರಾ ಎರಡು ಇದೆ’ ಎನ್ನುತ್ತೇವೆ. ಬೇಸಗೆಯ ಬಿಸಿಲಿನ ಮಾತು ಬಂದಾಗ ‘ರಾಯಚೂರಿನಲ್ಲಿ ನಲವತ್ತು ದಾಟಿತಂತೆ’ ಎನ್ನುತ್ತೇವೆ. ಮೊದಲನೆಯದು ಫ್ಯಾರನ್‌ಹೀಟ್ ಮಾನ, ಎರಡನೆಯದು ಸೆಲ್ಸಿಯಸ್ ಮಾನ. ಒಂದೇ ನಾಲಗೆ ಎರಡನ್ನೂ ಆಡುತ್ತದೆ, ಯಾರಿಗೂ ಗಲಿಬಿಲಿಯಾಗುವುದಿಲ್ಲ. ಮಗುವಿಗೆ ನಲವತ್ತು ಡಿಗ್ರಿ ಜ್ವರವೆಂದರೆ ಕೆಲವು ಅಜ್ಜಿಯರು ನಕ್ಕಾರು. ಆದರೆ ಅದು ನೂರ ನಾಲ್ಕಕ್ಕೆ ಸಮ, ನಗತಕ್ಕ ಸಂಗತಿಯಲ್ಲ.

ಒಂದು ಮಾನದಿಂದ ಇನ್ನೊಂದಕ್ಕೆ ಹೋಗುವ ಸೂತ್ರ ಪ್ರೌಢಶಾಲೆಯ ಹುಡುಗರಿಗೂ ಗೊತ್ತು: ಸೆಲ್ಸಿಯಸ್ ಅಂಕಿಯನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಬಂದ ಲಬ್ಧಕ್ಕೆ 32 ಕೂಡಬೇಕು. ಕಾಲೇಜಿಗೆ ಬಂದಮೇಲೆ ಇವುಗಳೊಡನೆ ಮತ್ತೆರಡು ಮಾನಗಳು ಎದುರಾಗುತ್ತವೆ. ಒಂದು ಕೆಲ್ವಿನ್ ಮಾನ, ಇನ್ನೊಂದು ರಾಂಕಿನ್ ಮಾನ. ಇವನ್ನು ನಿರಪೇಕ್ಷ ಮಾನಗಳೆಂದು ಕರೆಯುತ್ತಾರೆ. ಈ ಹೆಸರು ಕೇಳಿದೊಡನೆ ತರಗತಿಯಲ್ಲಿ ನಿಟ್ಟುಸಿರು ಹೊರಡುವುದನ್ನು ನಾವು ಪ್ರತಿ ವರ್ಷವೂ ಕೇಳುತ್ತೇವೆ. ‘ಇದ್ದ ಎರಡು ಸಾಲದೆ?’ ಎಂಬುದು ಆ ನಿಟ್ಟುಸಿರಿನ ಅರ್ಥ. ಆದರೆ ನಾಲ್ಕು ಮಾನಗಳ ನಡುವಣ ಪರಿವರ್ತನೆಗಳಲ್ಲಿ ಕೆಲ್ವಿನ್–ರಾಂಕಿನ್ ಪರಿವರ್ತನೆಯೇ ಎಲ್ಲಕ್ಕಿಂತ ಸುಲಭವಾದುದು. ಆ ಸೌಲಭ್ಯ ಆಕಸ್ಮಿಕವಾಗಿ ಬಂದುದಲ್ಲ.

ಇದರ ಬೆಲೆಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮದೇ ಒಂದು ತಪ್ಪಿನಿಂದ ಕಲಿತೆವು. ಆಗ ನಾವು ಬಿ.ಎಸ್‌ಸಿ. ಮೊದಲನೆಯ ವರ್ಷದಲ್ಲಿದ್ದೆವು. ಹಳ್ಳಿಯಲ್ಲಿ ನಮ್ಮ ಸೋದರಮಾವನವರದು ಒಂದು ಹಿಟ್ಟಿನ ಗಿರಣಿ. ಅದನ್ನು ಓಡಿಸುತ್ತಿದ್ದುದು ಬಹಳ ಹಳೆಯದೊಂದು ವಿದ್ಯುತ್ ಮೋಟಾರು. ಅದರ ಮೈಮೇಲಿನ ತಗಡಿನಲ್ಲಿ ‘ಉಷ್ಣತೆಯ ಏರಿಕೆ 40 ಡಿಗ್ರಿ ಸೆ.’ ಎಂದು ಇಂಗ್ಲಿಷಿನಲ್ಲಿ ಕೆತ್ತಿತ್ತು. ಮೋಟಾರಿನ ಮೈಗೆ ತಗುಲಿಸಿಡಲು ಮಾವನವರ ಬಳಿ ಇದ್ದ ಮುಳ್ಳಿನ ಉಷ್ಣಮಾಪಕದಲ್ಲಾದರೋ ಫ್ಯಾರನ್‌ಹೀಟ್ ಗೆರೆಗಳು ಮಾತ್ರ ಇದ್ದುವು.

‘ಏನಪ್ಪ, ಕಾಲೇಜು ಓದುವವನು ನೀನು. ಈ ನಲವತ್ತು ಅಂದರೆ ಈ ಮುಳ್ಳಿನ ಲೆಕ್ಕದಲ್ಲಿ ಎಷ್ಟಾಗುತ್ತೆ, ನೋಡಿ ಹೇಳು’ ಎಂದರು ಮಾವ.

ನಾವು ಕಾಗದವನ್ನೂ ಕೇಳಲಿಲ್ಲ. ನಲವತ್ತನ್ನು ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸಿದರೆ ಎಪ್ಪತ್ತೆರಡು; ಅದಕ್ಕೆ ಮೂವತ್ತೆರಡು ಸೇರಿದರೆ ನೂರ ನಾಲ್ಕು. ‘ಸುತ್ತಲ ಗಾಳಿಗಿಂತ ನೂರ ನಾಲ್ಕು ಡಿಗ್ರಿ ಹೆಚ್ಚು ಬಿಸಿಯಾಗುವವರೆಗೆ ಭಯವಿಲ್ಲ ಮಾವ’ ಎಂದುಬಿಟ್ಟೆವು. ಗಿರಣಿಯ ಕೋಣೆಯಲ್ಲಿ ಹಗಲು ಹೊತ್ತು ಸುಮಾರು 86 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೆ 104 ಸೇರಿಸಿ, 190ರ ಬಳಿ ಕೆಂಪು ಬಣ್ಣದ ಗುರುತು ಹಾಕಿಕೊಟ್ಟು, ರಜೆ ಮುಗಿಸಿಕೊಂಡು ಊರಿಗೆ ಮರಳಿದೆವು. ಕೆಲವು ವಾರಗಳಲ್ಲಿ ಮೋಟಾರಿನ ತಂತಿಸುತ್ತು ಸುಟ್ಟುಹೋಯಿತೆಂದು ಸುದ್ದಿ ಬಂತು. ಹಳೆಯ ಯಂತ್ರ, ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನಾವು ಹಾಕಿಕೊಟ್ಟ ಗುರುತು ಇರಬೇಕಾಗಿದ್ದುದು 190ರಲ್ಲಿ ಅಲ್ಲ, 158ರಲ್ಲಿ. ಏಕೆಂದರೆ 40 ಸೆಲ್ಸಿಯಸ್ ಡಿಗ್ರಿಗಳ ಏರಿಕೆಯೆಂದರೆ 72 ಫ್ಯಾರನ್‌ಹೀಟ್ ಡಿಗ್ರಿಗಳ ಏರಿಕೆ, 104 ಅಲ್ಲ. ಆ ಮೂವತ್ತೆರಡನ್ನು ಕೂಡಲು ನಮಗೆ ಅಧಿಕಾರವಿರಲಿಲ್ಲ. ಸುತ್ತು ಕಟ್ಟಿಸಿದ ಖರ್ಚನ್ನು ಮಾವನವರೇ ಹೊತ್ತರು. ನಮ್ಮನ್ನು ಏನೂ ಅನ್ನಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ತಪ್ಪು ಎಲ್ಲಿಂದ ಬಂತೆಂಬುದನ್ನು ಒಂದು ಮರದ ನಿದರ್ಶನದಿಂದ ತಿಳಿಯಬಹುದು. ಊರ ಮುಂದೆ ಕಟ್ಟೆ ಕಟ್ಟಿದ ಒಂದು ಅರಳಿಮರವಿದೆಯೆನ್ನೋಣ. ಕಟ್ಟೆಯ ಎತ್ತರ ಎರಡು ಮೊಳ. ಒಬ್ಬನು ಕಟ್ಟೆಯ ಮೇಲೆ ನಿಂತು, ಅಲ್ಲಿಂದ ಕೊಂಬೆಗಳ ಎತ್ತರವನ್ನು ಮೊಳದಲ್ಲಿ ಅಳೆಯುತ್ತಾನೆ. ಇನ್ನೊಬ್ಬನು ನೆಲದ ಮೇಲೆ ನಿಂತು ಗೇಣಿನಲ್ಲಿ ಅಳೆಯುತ್ತಾನೆ. ಎರಡು ಗೇಣಿಗೆ ಒಂದು ಮೊಳ. ಮೊದಲನೆಯವನು ಐದು ಮೊಳವೆಂದ ಕೊಂಬೆ ಎರಡನೆಯವನಿಗೆ ಹದಿನಾಲ್ಕು ಗೇಣು: ಐದನ್ನು ಇಮ್ಮಡಿಸಿ, ಕಟ್ಟೆಯ ನಾಲ್ಕು ಗೇಣನ್ನು ಕೂಡಬೇಕು. ಆದರೆ ಒಂದು ಕೊಂಬೆಗೂ ಅದರ ಮೇಲಿನ ಕೊಂಬೆಗೂ ನಡುವಣ ಅಂತರ ಮೂರು ಮೊಳವಾದರೆ, ಅದು ಆರು ಗೇಣು ಮಾತ್ರ. ಅಲ್ಲಿ ಕಟ್ಟೆಯ ಮಾತೇ ಇಲ್ಲ. ಎತ್ತರವನ್ನು ಪರಿವರ್ತಿಸಲು ಒಂದು ಸೂತ್ರ, ಅಂತರವನ್ನು ಪರಿವರ್ತಿಸಲು ಇನ್ನೊಂದು. ಎರಡನ್ನೂ ಒಂದೇ ಎಂದು ಬಗೆದವನು ಮಾವನ ಮೋಟಾರನ್ನು ಸುಡುತ್ತಾನೆ.

ಇಬ್ಬರೂ ನೆಲದಿಂದಲೇ ಅಳೆಯುವಂತಾದರೆ ಈ ತೊಡಕು ಮಾಯವಾಗುತ್ತದೆ. ಎತ್ತರವಾಗಲಿ, ಅಂತರವಾಗಲಿ, ಮೊಳವನ್ನು ಇಮ್ಮಡಿಸಿದರೆ ಗೇಣು. ಕೂಡುವುದಿಲ್ಲ, ಕಳೆಯುವುದಿಲ್ಲ. ಹಾಗಾದರೆ ಉಷ್ಣತೆಗೂ ಒಂದು ನೆಲವಿದೆಯೆ?

ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಇಬ್ಬರೂ ನಿಂತದ್ದು ಕಟ್ಟೆಗಳ ಮೇಲೆ. 1724ರಲ್ಲಿ ತನ್ನ ಮಾನವನ್ನು ಪ್ರಕಟಿಸಿದ ಫ್ಯಾರನ್‌ಹೀಟನು ಮಂಜುಗಡ್ಡೆ ಮತ್ತು ಲವಣಗಳ ಮಿಶ್ರಣದ ಶೈತ್ಯವನ್ನು ಸೊನ್ನೆಯೆಂದು ಹಿಡಿದನು. ಸ್ವೀಡನ್ನಿನ ಖಗೋಲಶಾಸ್ತ್ರಜ್ಞ ಸೆಲ್ಸಿಯಸನು 1742ರಲ್ಲಿ ನೀರಿನ ಕುದಿಬಿಂದುವನ್ನೇ ಸೊನ್ನೆಯೆಂದೂ ಅದು ಹೆಪ್ಪುಗಟ್ಟುವ ಬಿಂದುವನ್ನು ನೂರೆಂದೂ ಇಟ್ಟಿದ್ದನು. ಅದನ್ನು ತಲೆಕೆಳಗು ಮಾಡಿ ಇಂದಿನ ರೂಪಕ್ಕೆ ತಂದುದು ಆಮೇಲೆ. ಸೊನ್ನೆಯನ್ನು ಹೀಗೆ ಬೇಕಾದ ಕಡೆ ಇಡಬಹುದಾದರೆ, ಅದಕ್ಕೆ ಅನುಕೂಲವೆಂಬುದರ ಹೊರತು ಬೇರೆ ಅರ್ಥವಿಲ್ಲವೆಂಬುದು ಸ್ಪಷ್ಟ.

ನೆಲವನ್ನು ತೋರಿಸಿಕೊಟ್ಟದ್ದು ಅನಿಲಗಳು. ಬಿಗಿಯಾಗಿ ಮುಚ್ಚಿದ ಗಾಜಿನ ಬುರುಡೆಯಲ್ಲಿ ಗಾಳಿಯನ್ನಿಟ್ಟು ತಣಿಸುತ್ತಾ ಹೋದರೆ ಅದರ ಒತ್ತಡ ಕ್ರಮವಾಗಿ ಇಳಿಯುತ್ತದೆ. ಫ್ರಾನ್ಸಿನ ಅಮೋಂಟನ್ ಎಂಬುವನು ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಇದನ್ನು ಗಮನಿಸಿದ್ದನು. ಒತ್ತಡ ಹೀಗೆ ಇಳಿಯುತ್ತಲೇ ಹೋದರೆ ಎಲ್ಲಿಯೋ ಒಂದು ಕಡೆ ಅದು ಇಲ್ಲವಾಗಬೇಕು. ಇಲ್ಲದುದಕ್ಕಿಂತ ಕಡಿಮೆ ಒತ್ತಡವಿರುವುದು ಸಾಧ್ಯವಿಲ್ಲ. ಆದುದರಿಂದ ಶೈತ್ಯಕ್ಕೆ ಒಂದು ಕೊನೆಯಿದೆ. 1802ರಲ್ಲಿ ಗೇ-ಲುಸಾಕನೂ, 1840ರ ದಶಕದಲ್ಲಿ ರೆನ್ಯೋ ಎಂಬ ಪ್ರಯೋಗನಿಪುಣನೂ ಅನಿಲಗಳ ಹಿಗ್ಗುವಿಕೆಯನ್ನು ಸೂಕ್ಷ್ಮವಾಗಿ ಅಳೆದರು.

ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟಾಗ ಬುರುಡೆಯ ಒತ್ತಡ 1 ಆಗಿದ್ದರೆ, ಕುದಿಯುವ ನೀರಿನಲ್ಲಿಟ್ಟಾಗ ಅದು ಸುಮಾರು 1.366 ಆಗುತ್ತದೆ. ನೂರು ಸೆಲ್ಸಿಯಸ್ ಡಿಗ್ರಿಗಳಿಗೆ ಒತ್ತಡ 0.366ರಷ್ಟು ಏರಿತು. ಹಾಗಾದರೆ ಪೂರ್ತಿ 1ರಷ್ಟು ಇಳಿಯಬೇಕಾದರೆ ಎಷ್ಟು ಡಿಗ್ರಿ ಇಳಿಯಬೇಕು? ನೂರನ್ನು 0.366ರಿಂದ ಭಾಗಿಸಿದರೆ 273. ಇದೇ ಲೆಕ್ಕವನ್ನು ಫ್ಯಾರನ್‌ಹೀಟ್ ಮಾನದಲ್ಲಿ ಮಾಡೋಣ. ಮಂಜಿನಿಂದ ಕುದಿನೀರಿನವರೆಗೆ ಅಲ್ಲಿ 180 ಡಿಗ್ರಿ. ಅದನ್ನು 0.366ರಿಂದ ಭಾಗಿಸಿದರೆ ಸುಮಾರು 492. ಮಂಜು 32ರಲ್ಲಿದೆಯಾದ್ದರಿಂದ, ಕೊನೆಯ ಬಿಂದು ಸೊನ್ನೆಗಿಂತ 460 ಡಿಗ್ರಿಗಳಷ್ಟು ಕೆಳಗೆ. ಇಂದಿನ ನಿಖರವಾದ ಅಂಕಿಗಳು ಇವು: ಸೆಲ್ಸಿಯಸ್ ಮಾನದಲ್ಲಿ −273.15, ಫ್ಯಾರನ್‌ಹೀಟ್ ಮಾನದಲ್ಲಿ −459.67. ಬೇರೆ ಬೇರೆ ಕಟ್ಟೆಗಳಿಂದ ಹಗ್ಗ ಇಳಿಬಿಟ್ಟ ಇಬ್ಬರಿಗೂ ಒಂದೇ ನೆಲ ತಗುಲಿತು. ಇದಕ್ಕೆ ನಿರಪೇಕ್ಷ ಶೂನ್ಯವೆಂದು ಹೆಸರು. ಈ ಸೊನ್ನೆಯನ್ನು ಯಾರೂ ಇಟ್ಟುದಲ್ಲ, ಇದ್ದುದನ್ನು ಕಂಡುಕೊಂಡರು.

ಈ ನೆಲದಿಂದ ಸೆಲ್ಸಿಯಸ್ ಗಾತ್ರದ ಡಿಗ್ರಿಗಳಲ್ಲಿ ಎಣಿಸಿದರೆ ಕೆಲ್ವಿನ್ ಮಾನ. ಫ್ಯಾರನ್‌ಹೀಟ್ ಗಾತ್ರದ ಡಿಗ್ರಿಗಳಲ್ಲಿ ಎಣಿಸಿದರೆ ರಾಂಕಿನ್ ಮಾನ. ವಿನೋದದ ಸಂಗತಿಯೆಂದರೆ, ಈ ಎರಡೂ ಹೆಸರುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯವೊಂದರಿಂದಲೇ ಬಂದುವು. ಅಲ್ಲಿ 1846ರಿಂದ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದವನು ವಿಲಿಯಂ ತಾಮ್ಸನ್. 1855ರಿಂದ ಇಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದವನು ವಿಲಿಯಂ ರಾಂಕಿನ್. ತಾಮ್ಸನ್ನನು 1892ರಲ್ಲಿ ಲಾರ್ಡ್ ಪದವಿ ಪಡೆದಾಗ ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಹರಿಯುವ ಕೆಲ್ವಿನ್ ಎಂಬ ಹೊಳೆಯ ಹೆಸರನ್ನು ತಳೆದನು. ಹೀಗಾಗಿ ಜಗತ್ತಿನ ಪ್ರಯೋಗಶಾಲೆಗಳೆಲ್ಲ ಇಂದು ಉಷ್ಣತೆಯನ್ನು ಒಂದು ಸಣ್ಣ ಹೊಳೆಯ ಹೆಸರಿನಲ್ಲಿ ಹೇಳುತ್ತಿವೆ!

ತಾಮ್ಸನ್ನನ 1848ರ ಪ್ರಬಂಧದ ಹಿರಿಮೆ ಅನಿಲದ ಲೆಕ್ಕದಲ್ಲಿಲ್ಲ. ಅನಿಲಗಳು ತಣ್ಣಗಾದಾಗ ದ್ರವವಾಗಿಬಿಡುತ್ತವೆ. ಅವುಗಳ ನಡತೆಯನ್ನು ಕೊನೆಯವರೆಗೆ ನಂಬುವಂತಿಲ್ಲ. ಪಾದರಸವಾಗಲಿ, ಗಾಳಿಯಾಗಲಿ, ಯಾವ ಒಂದು ವಸ್ತುವಿನ ಗುಣವನ್ನೂ ಅವಲಂಬಿಸದ ಮಾನವೊಂದು ಬೇಕೆಂದು ಅವನು ಬಯಸಿದನು. ಉಗಿಯಂತ್ರಗಳನ್ನು ಕುರಿತು ಫ್ರಾನ್ಸಿನ ಕಾರ್ನೋ ಮಾಡಿದ್ದ ವಿಚಾರವೇ ಅದಕ್ಕೆ ಆಧಾರವಾಯಿತು. ಅವನ ಮೊದಲನೆಯ ಪ್ರಯತ್ನದ ಮಾನ ಇಂದಿನದಲ್ಲ. ಜೂಲನೊಡನೆ ನಡೆಸಿದ ಪ್ರಯೋಗಗಳ ಬಳಿಕ, 1854ರಲ್ಲಿ, ಅದಕ್ಕೆ ಈಗಿನ ರೂಪ ಬಂತು. ರಾಂಕಿನ್ನನಾದರೋ ಉಗಿಯಂತ್ರಗಳ ಇಂಜಿನಿಯರು. 1859ರಲ್ಲಿ ಉಗಿಯಂತ್ರವನ್ನು ಕುರಿತ ತನ್ನ ಪ್ರಸಿದ್ಧ ಕೈಪಿಡಿಯನ್ನು ಹೊರತಂದನು. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಆಗ ಬಳಕೆಯಲ್ಲಿದ್ದುದು ಫ್ಯಾರನ್‌ಹೀಟ್. ಆ ಡಿಗ್ರಿಯನ್ನು ಬಿಡದೆ ಸೊನ್ನೆಯನ್ನು ಮಾತ್ರ ನೆಲಕ್ಕಿಳಿಸಿದ ಮಾನಕ್ಕೆ ಅವನ ಹೆಸರು ನಿಂತಿತು.

ಈಗ ಪರಿವರ್ತನೆಗೆ ಬರೋಣ. ಐದು ಕೆಲ್ವಿನ್ನಿಗೆ ಒಂಬತ್ತು ರಾಂಕಿನ್. ಕೆಲ್ವಿನ್ ಅಂಕಿಯನ್ನು 1.8ರಿಂದ ಗುಣಿಸಿದರೆ ರಾಂಕಿನ್. ರಾಂಕಿನ್ ಅಂಕಿಯನ್ನು 1.8ರಿಂದ ಭಾಗಿಸಿದರೆ ಕೆಲ್ವಿನ್. ಇಷ್ಟೇ. ಮಂಜು ಕರಗುವ 273.15 ಕೆಲ್ವಿನ್ 491.67 ರಾಂಕಿನ್ ಆಗುತ್ತದೆ. ವಿಮಾನ ಇಂಜಿನಿಯರುಗಳು ಸಮುದ್ರಮಟ್ಟದ ಗಾಳಿಗೆ ಪ್ರಮಾಣವೆಂದು ಹಿಡಿಯುವ 288.15 ಕೆಲ್ವಿನ್, ಅಮೆರಿಕದ ಪುಸ್ತಕಗಳಲ್ಲಿ 518.67 ರಾಂಕಿನ್ ಎಂದು ಕಾಣಿಸಿಕೊಳ್ಳುತ್ತದೆ. ಮಾವನ ಮೋಟಾರಿನ ಏರಿಕೆ 40 ಕೆಲ್ವಿನ್. ಅದು 72 ರಾಂಕಿನ್. ಗಿರಣಿಯ ಕೋಣೆ 303.15 ಕೆಲ್ವಿನ್, ಅದು 545.67 ರಾಂಕಿನ್. ಏರಿಕೆಗೂ ಉಷ್ಣತೆಗೂ ಒಂದೇ ಸೂತ್ರವಾದುದರಿಂದ ನಮ್ಮ ಹಳೆಯ ತಪ್ಪನ್ನು ಇಲ್ಲಿ ಮಾಡಬೇಕೆಂದರೂ ಮಾಡಲಾಗುವುದಿಲ್ಲ. ಕೂಡುವ ಕೆಲಸ ಬರುವುದು ಒಂದೇ ಒಂದು ಸಲ, ಕಟ್ಟೆಯಿಂದ ನೆಲಕ್ಕಿಳಿಯುವಾಗ: ಸೆಲ್ಸಿಯಸ್ಸಿಗೆ 273.15 ಕೂಡಿದರೆ ಕೆಲ್ವಿನ್, ಫ್ಯಾರನ್‌ಹೀಟಿಗೆ 459.67 ಕೂಡಿದರೆ ರಾಂಕಿನ್.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮಡಿಕೇರಿಯಲ್ಲಿ 20 ಡಿಗ್ರಿ, ರಾಯಚೂರಿನಲ್ಲಿ 40 ಡಿಗ್ರಿ ಸೆಲ್ಸಿಯಸ್ ಇರುವ ಒಂದು ದಿನವನ್ನು ಊಹಿಸಿಕೊಳ್ಳೋಣ. ರಾಯಚೂರು ಮಡಿಕೇರಿಗಿಂತ ಎರಡರಷ್ಟು ಬಿಸಿಯೆ? ಅದೇ ಉಷ್ಣತೆಗಳು ಫ್ಯಾರನ್‌ಹೀಟಿನಲ್ಲಿ 68 ಮತ್ತು 104. ಅವುಗಳ ನಿಷ್ಪತ್ತಿ ಒಂದೂವರೆ ಮಾತ್ರ. ಊರುಗಳು ಅವೇ, ಬಿಸಿಲೂ ಅದೇ. ಉತ್ತರ ಮಾತ್ರ ಬೇರೆ. ಹೀಗಿರುವಾಗ ಎರಡು ಉತ್ತರಗಳೂ ಅರ್ಥಹೀನವೆಂದೇ ತಿಳಿಯಬೇಕು. ಕೆಲ್ವಿನ್ನಿನಲ್ಲಿ 293.15 ಮತ್ತು 313.15, ನಿಷ್ಪತ್ತಿ 1.068. ರಾಂಕಿನ್ನಿನಲ್ಲಿ 527.67 ಮತ್ತು 563.67, ನಿಷ್ಪತ್ತಿ ಅದೇ 1.068. ಮಡಿಕೇರಿಯಲ್ಲಿ ಬಿಗಿಯಾಗಿ ಮುಚ್ಚಿದ ಗಾಜಿನ ಬುರುಡೆಯನ್ನು ರಾಯಚೂರಿಗೆ ಒಯ್ದರೆ ಒಳಗಿನ ಗಾಳಿಯ ಒತ್ತಡ ಶೇಕಡ 6.8ರಷ್ಟು ಏರುತ್ತದೆಯೇ ಹೊರತು ಇಮ್ಮಡಿಯಾಗುವುದಿಲ್ಲ. ಪ್ರಕೃತಿಗೆ ಗೊತ್ತಿರುವುದು ಈ ನಿಷ್ಪತ್ತಿ ಒಂದೇ.

ಉಗಿಯಂತ್ರದ ಉದಾಹರಣೆಯನ್ನೂ ನೋಡಬಹುದು. ಬಾಯ್ಲರು 500 ಕೆಲ್ವಿನ್, ಉಗಿ ತಣಿಯುವ ಕೋಠಿ 300 ಕೆಲ್ವಿನ್ ಇದ್ದರೆ, ಕಾರ್ನೋ ವಿಚಾರದ ಪ್ರಕಾರ ಅಂಥ ಯಂತ್ರ ತಾನು ಪಡೆದ ಶಾಖದಲ್ಲಿ ಶೇಕಡ 40ಕ್ಕಿಂತ ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸಲಾರದು. ರಾಂಕಿನ್ನಿನಲ್ಲಿ ಇವು 900 ಮತ್ತು 540. ಉತ್ತರ ಅದೇ ಶೇಕಡ 40. ಸೆಲ್ಸಿಯಸ್ ಅಂಕಿಗಳಾದ 227 ಮತ್ತು 27ನ್ನು ಅದೇ ಸೂತ್ರಕ್ಕೆ ಹಾಕಿದರೆ ಶೇಕಡ 88 ಬರುತ್ತದೆ. ಅಂಥ ಯಂತ್ರವನ್ನು ಇದುವರೆಗೆ ಯಾರೂ ಕಟ್ಟಿಲ್ಲ, ಕಟ್ಟಲೂ ಆಗದು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮಾತ್ರ ನಾವು ಹಲವನ್ನು ಕಂಡಿದ್ದೇವೆ.

ನಿರಪೇಕ್ಷ ಮಾನಗಳಲ್ಲಿಯೂ ಎಡವುವ ಸ್ಥಳಗಳು ಇಲ್ಲದಿಲ್ಲ. ನೆನಪಿಗೆ ಸುಲಭವೆಂದು 273, 460 ಎಂಬ ದುಂಡು ಅಂಕಿಗಳನ್ನು ಬಳಸುವವರು ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬಾರದು. ಮಂಜಿನ 273ನ್ನು 1.8ರಿಂದ ಗುಣಿಸಿದರೆ 491.4, ಅದೇ ಮಂಜಿನ 32ಕ್ಕೆ 460 ಕೂಡಿದರೆ 492. ಅರ್ಧ ಡಿಗ್ರಿಗೂ ಹೆಚ್ಚಿನ ಈ ವ್ಯತ್ಯಾಸ ಪ್ರಕೃತಿಯದಲ್ಲ, ನಮ್ಮ ಸೋಮಾರಿತನದ್ದು.

ಇನ್ನೊಂದು ತೊಡಕು ‘ಪ್ರತಿ ಡಿಗ್ರಿಗೆ’ ಎಂಬ ಮಾತಿನಲ್ಲಿದೆ. ಅನಿಲಗಳ ಸಾರ್ವತ್ರಿಕ ಸ್ಥಿರಾಂಕ ಒಂದು ಮೋಲಿಗೆ, ಪ್ರತಿ ಕೆಲ್ವಿನ್ನಿಗೆ 8.314 ಜೂಲ್. ರಾಂಕಿನ್ನಿಗೆ ಹೋಗುವಾಗ ಇದನ್ನೂ 1.8ರಿಂದ ಗುಣಿಸಿಬಿಡುವ ವಿದ್ಯಾರ್ಥಿಗಳು ಬಹಳ ಮಂದಿ. ಗುಣಿಸಕೂಡದು, ಭಾಗಿಸಬೇಕು. ಉತ್ತರ 4.619. ರಾಂಕಿನ್ ಚಿಕ್ಕ ಹೆಜ್ಜೆ. ಒಂದು ಚಿಕ್ಕ ಹೆಜ್ಜೆಗೆ ಸಲ್ಲುವ ಪಾಲೂ ಚಿಕ್ಕದೇ. ಸೇರಿನ ಲೆಕ್ಕದಲ್ಲಿ ಅಕ್ಕಿ ಮಾರುವವನು ಪಾವಿನ ಬೆಲೆ ಹೇಳಬೇಕಾದಾಗ ಈ ತಪ್ಪನ್ನು ಎಂದಿಗೂ ಮಾಡಲಾರ. ಕಾಯ್ದ ವಸ್ತುಗಳು ಹೊರಸೂಸುವ ಶಾಖದ ನಿಯಮದಲ್ಲಿ ಉಷ್ಣತೆ ನಾಲ್ಕನೆಯ ಘಾತದಲ್ಲಿ ಬರುತ್ತದೆ. ಅಲ್ಲಿ ಸ್ಥಿರಾಂಕವನ್ನು 1.8ರಿಂದ ಒಮ್ಮೆ ಅಲ್ಲ, ನಾಲ್ಕು ಸಲ ಭಾಗಿಸಬೇಕು, ಎಂದರೆ 10.4976ರಿಂದ. ಕುಲುಮೆಯ ಲೆಕ್ಕದಲ್ಲಿ ಇದನ್ನು ಮರೆತವನ ಉತ್ತರ ಹತ್ತುಪಟ್ಟು ತಪ್ಪಾಗುವುದು.

ಈ ಅಂಕಿಗಳೆಲ್ಲ ಇಷ್ಟು ಅಚ್ಚುಕಟ್ಟಾಗಿ ಹೊಂದುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದಗಳೂ ಕಾರಣ. ನೆಲ ಒಂದು ಕಡೆ ತಾನಾಗಿಯೇ ಇರುವಾಗ ಮಾನವನ್ನು ನಿಲ್ಲಿಸಲು ಇನ್ನೊಂದೇ ಬಿಂದು ಸಾಕು. ತೂಕ ಮತ್ತು ಅಳತೆಗಳ ಮಹಾಸಭೆ 1954ರಲ್ಲಿ ಆ ಬಿಂದುವನ್ನು ಆರಿಸಿತು. ನೀರು, ಮಂಜು, ಆವಿ ಮೂರೂ ಒಟ್ಟಿಗೆ ಸಮತೋಲದಲ್ಲಿರುವ ತ್ರಿಕಬಿಂದುವಿಗೆ 273.16 ಎಂಬ ಅಂಕಿಯನ್ನು ಕೊಟ್ಟಿತು. 1967ರ ಸಭೆ ‘ಡಿಗ್ರಿ ಕೆಲ್ವಿನ್’ ಎಂಬುದರಿಂದ ಡಿಗ್ರಿಯನ್ನು ತೆಗೆದುಹಾಕಿತು. ಮೀಟರು, ಕಿಲೋಗ್ರಾಮುಗಳಂತೆ ಕೆಲ್ವಿನ್ನೂ ಒಂದು ಮೂಲಮಾನವೆನಿಸಿತು. 2019ರ ಮೇ 20ರಿಂದ ನೀರಿನ ಆಸರೆಯೂ ಹೋಯಿತು. ಉಷ್ಣತೆಗೂ ಅಣುಗಳ ಚಲನಶಕ್ತಿಗೂ ಕೊಂಡಿಯಾಗಿರುವ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೆ ನಿಶ್ಚಿತ ಬೆಲೆಯನ್ನು ಗೊತ್ತುಮಾಡಿ, ಅದರಿಂದಲೇ ಕೆಲ್ವಿನ್ನನ್ನು ನಿರ್ಧರಿಸಲಾಗಿದೆ. ಯಾವ ವಸ್ತುವಿನ ಹಂಗೂ ಇಲ್ಲದ ಮಾನ ಬೇಕೆಂದು ತಾಮ್ಸನ್ನನು ಬಯಸಿ ಆಗ 171 ವರ್ಷಗಳಾಗಿದ್ದುವು. ಸೆಲ್ಸಿಯಸ್ ಡಿಗ್ರಿಗೆ ಪ್ರತ್ಯೇಕ ವ್ಯಾಖ್ಯೆಯಿಲ್ಲ; ಅದು ಕೆಲ್ವಿನ್ನಿನ ನೆರಳು. ರಾಂಕಿನ್ ಎಂದರೆ ಕೆಲ್ವಿನ್ನಿನ ಒಂಬತ್ತರಲ್ಲಿ ಐದು ಪಾಲು ಎಂದು ಹಿಡಿಯುತ್ತಾರೆ.

ರಾಂಕಿನ್ ಮಾನವನ್ನು ಕೈಬಿಟ್ಟರೆ ನಷ್ಟವೇನೆಂದು ಕೆಲವರು ಕೇಳಬಹುದು. ಹೊಸದಾಗಿ ಬರೆಯುವವರು ಅದನ್ನು ಬಳಸಬೇಕಾಗಿಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಅಮೆರಿಕದ ಇಂಜಿನಿಯರಿಂಗ್ ಗ್ರಂಥಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಆ ಗ್ರಂಥಗಳು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿವೆ.

ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಮಾನಗಳು −40ರಲ್ಲಿ ಒಂದನ್ನೊಂದು ಸಂಧಿಸುತ್ತವೆ. ಅಷ್ಟು ಚಳಿ ಸೈಬೀರಿಯದಲ್ಲಿ ಪ್ರತಿ ಚಳಿಗಾಲವೂ ಬೀಳುತ್ತದೆ. ಕೆಲ್ವಿನ್ ಮತ್ತು ರಾಂಕಿನ್ ಸಂಧಿಸುವುದು ಸೊನ್ನೆಯಲ್ಲಿ ಮಾತ್ರ. ಅಲ್ಲಿಗೆ ಯಾರೂ ತಲಪಿಲ್ಲ. 1908ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಹೀಲಿಯಮನ್ನು ದ್ರವೀಕರಿಸಿದಾಗ ಅದರ ಕುದಿಬಿಂದು ಸುಮಾರು 4.2 ಕೆಲ್ವಿನ್, ಎಂದರೆ 7.6 ರಾಂಕಿನ್. ಇಂದು ಪ್ರಯೋಗಶಾಲೆಗಳಲ್ಲಿ ಕೆಲ್ವಿನ್ನಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕೆಳಕ್ಕೆ ಇಳಿದಿದ್ದಾರೆ. ಮೆಟ್ಟಿಲುಗಳು ಸಣ್ಣದಾಗುತ್ತಾ ಹೋಗುತ್ತವೆ; ಎಣಿಕೆಯುಳ್ಳ ಮೆಟ್ಟಿಲುಗಳಲ್ಲಿ ಸೊನ್ನೆಯನ್ನು ಮುಟ್ಟಲಾಗದೆಂಬುದು ಉಷ್ಣವಿಜ್ಞಾನದ ಮೂರನೆಯ ನಿಯಮ.

ಕಳೆದ ಬೇಸಗೆಯಲ್ಲಿ ಮಾವನವರ ಊರಿಗೆ ಹೋಗಿದ್ದೆವು. ಗಿರಣಿಯಲ್ಲಿ ಈಗ ಅಂಕಿಗಳನ್ನೇ ತೋರಿಸುವ ಹೊಸ ಉಷ್ಣಮಾಪಕವಿದೆ. ಒಂದು ಗುಂಡಿಯನ್ನೊತ್ತಿದರೆ ಸೆಲ್ಸಿಯಸ್, ಮತ್ತೊಮ್ಮೆ ಒತ್ತಿದರೆ ಫ್ಯಾರನ್‌ಹೀಟ್. ‘ಈಗ ನಿನ್ನ ಲೆಕ್ಕ ಬೇಕಾಗಿಲ್ಲವಪ್ಪ, ಇದೇ ಎಲ್ಲ ಹೇಳುತ್ತೆ’ ಎಂದರು ಮಾವ. ಅವರು ಕೋಣೆಯ ಗಾಳಿಯನ್ನು ಸೆಲ್ಸಿಯಸ್ಸಿನಲ್ಲಿ ನೋಡಿದರು, 30. ಗುಂಡಿಯೊತ್ತಿ ಮೋಟಾರಿನ ಮೈಯನ್ನು ನೋಡಿದರು, 140. ‘ನೂರ ಹತ್ತು ಏರಿದೆ!’ ಎಂದು ಗಾಬರಿಯಾದರು. ನಾವು ಗುಂಡಿಯನ್ನು ಮತ್ತೆ ಒತ್ತಿ ತೋರಿಸಿದೆವು: ಮೋಟಾರು 60, ಕೋಣೆ 30, ಏರಿಕೆ 30. ಮತ್ತೊಮ್ಮೆ ಒತ್ತಿ, ಎರಡನ್ನೂ ಫ್ಯಾರನ್‌ಹೀಟಿನಲ್ಲಿ ಓದಿದೆವು: 140, 86, ಏರಿಕೆ 54. ಮಾವ ಎರಡು ಏರಿಕೆಗಳನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಮೂವತ್ತನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಸರಿಯಾಯಿತೆಂದು ತಲೆಯಾಡಿಸಿದರು.